ಚಂದ್ರಿಯ ಹೊಟ್ಟೆಯನ್ನು ಕಸದ ಡಬ್ಬಿ ಮಾಡಿದವರಿಗೆ

ಪರಿಸರ ಕಾಯುವ ಕುರ್ಚಿಯಲ್ಲಿ ಆರಾಮಾಗಿ ಕುಳಿತಿರುವ ಮಾನ್ಯರೇ,

ನಮ್ಮ ಓಣಿಯ ಆಕಳು ಚಂದ್ರಿ ಸತ್ತಿದೆ. ಅದರ ಹೊಟ್ಟೆಯಿಂದ ಪಶುವೈದ್ಯರು ಹೊರತೆಗೆದದ್ದು ಹುಲ್ಲಲ್ಲ, ಹಿಂಡಿಯಲ್ಲ. ವಾಡಿಯಿಂದ ಚಿತ್ತಾಪುರಕ್ಕೆ ಹೋಗುವ ರಸ್ತೆಯಲ್ಲಿರುವ ಬರ್ಗರ್ ಅಂಗಡಿಯ ಪೊಟ್ಟಣಗಳು. ಆ ಪೊಟ್ಟಣಗಳು ಅದರ ಹೊಟ್ಟೆ ಸೇರುವ ದಾರಿಯನ್ನು ರಿಬ್ಬನ್ ಕತ್ತರಿಸಿ, ಚಪ್ಪಾಳೆ ತಟ್ಟಿಸಿಕೊಂಡು ಉದ್ಘಾಟಿಸಿದವರು ತಾವು. ಆದ್ದರಿಂದ ಈ ಪತ್ರ ಅಂಗಡಿಯವರಿಗಲ್ಲ, ತಮಗೆ. ಅಂಗಡಿಯವರು ವ್ಯಾಪಾರಿಗಳು, ಲಾಭ ನೋಡುತ್ತಾರೆ. ತಾವು ಏನು ನೋಡುತ್ತಿದ್ದಿರಿ ಸ್ವಾಮಿ?

ಇದನ್ನು ಮುಚ್ಚಿದ ಲಕೋಟೆಯಲ್ಲಿ ಕಳಿಸಬಹುದಿತ್ತು. ಆದರೆ ಮುಚ್ಚಿದ ಪೊಟ್ಟಣಗಳ ಮೇಲೆ ನನಗೀಗ ನಂಬಿಕೆ ಹೋಗಿದೆ. ಅದಕ್ಕೇ ಎಲ್ಲರಿಗೂ ಕಾಣುವಂತೆ ಬರೆಯುತ್ತಿದ್ದೇನೆ.

ನಾನು ವಾಡಿಯ ಒಂದು ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸುವವಳು. ಈ ಊರಿನ ಜನ ನಾಜೂಕಿನವರೇನಲ್ಲ. ಬೆಳಿಗ್ಗೆ ಒಗೆದು ಹಾಕಿದ ಬಿಳಿ ಧೋತರ ಸಂಜೆಗೆ ಬೂದಿ ಬಣ್ಣವಾಗಿದ್ದರೆ ಇನ್ನೊಮ್ಮೆ ಒಗೆದುಕೊಳ್ಳುತ್ತೇವೆ, ದೂರುವುದಿಲ್ಲ. ಸಿಮೆಂಟು, ಕಲ್ಲು, ರೈಲು ಇವುಗಳ ನಡುವೆ ಹುಟ್ಟಿದವರಿಗೆ ಧೂಳು ಎಂದರೆ ಮನೆಯ ಸದಸ್ಯನಿದ್ದಂತೆ. ಆದ್ದರಿಂದ ಇವಳೊಬ್ಬ ಮೂಗು ಮುರಿಯುವ ಹೆಂಗಸು ಎಂದು ತಾವು ಈ ಹಾಳೆಯನ್ನು ಪಕ್ಕಕ್ಕಿಡಬೇಡಿ. ನನಗೆ ಅಸಹ್ಯವಾಗಿರುವುದು ಕೊಳಕನ್ನು ಕಂಡಲ್ಲ. ಕೊಳಕಿಗೆ ಹೂವಿನ ಹಾರ ಹಾಕಿ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡದ್ದನ್ನು ಕಂಡು.

ಮೊದಲು ತಮ್ಮ ಪರಿಸರ ಸಪ್ತಾಹದ ಮಾತು. ನಮ್ಮ ಶಾಲೆಯ ಮಕ್ಕಳನ್ನು ಬಸ್ಸಿನಲ್ಲಿ ಚಿಂಚೋಳಿಯ ಕಾಡಿಗೆ ಕರೆದೊಯ್ದಿರಿ. ಖರ್ಚೆಲ್ಲ ಆ ಬರ್ಗರ್ ಅಂಗಡಿಯ ಕಂಪನಿಯದು. "ಕಾಡು ನಮ್ಮ ತಾಯಿ" ಎಂದು ತಾವು ಭಾಷಣ ಮಾಡಿದಿರಿ, ಚೆನ್ನಾಗಿಯೇ ಮಾಡಿದಿರಿ. ಅದು ಮುಗಿದ ಕೂಡಲೇ ಒಬ್ಬೊಬ್ಬ ಮಗುವಿನ ಕೈಗೂ ಒಂದು ಡಬ್ಬಿ ಬಂತು. ಡಬ್ಬಿಯೊಳಗೆ ಕಾಗದ, ಕಾಗದದೊಳಗೆ ಬನ್ನು, ಪಕ್ಕದಲ್ಲಿ ಸಾಸಿನ ಪುಟ್ಟ ಪೊಟ್ಟಣಗಳು, ಪ್ಲಾಸ್ಟಿಕ್ಕಿನ ಚಮಚ, ಜೊತೆಗೊಂದು ನೀರಿನ ಬಾಟಲಿ. ಬನ್ನು ತಿನ್ನಲು ಚಮಚ ಯಾಕೆ ಎಂದು ಒಬ್ಬ ಹುಡುಗಿ ಕೇಳಿದಳು. ತಮಗೆ ಉತ್ತರ ಗೊತ್ತಿದೆಯೇ? ಮರದ ಮೇಲಿನ ಮಂಗಗಳು ಇಳಿದು ಬಂದು ಆ ಸಾಸಿನ ಪೊಟ್ಟಣಗಳನ್ನು ಹಲ್ಲಿನಿಂದ ಹರಿದು ಚೀಪತೊಡಗಿದವು. ಮಕ್ಕಳು ನಕ್ಕರು, ತಾವೂ ನಕ್ಕಿರಿ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಗಾದೆಯಲ್ಲಿ ಬದನೆಕಾಯಿಯಾದರೂ ಮಣ್ಣಿನಲ್ಲಿ ಕರಗುತ್ತದೆ.

ಆಲೂಗಡ್ಡೆಯ ಮೇಲಾಗಲಿ ಬನ್ನಿನ ಮೇಲಾಗಲಿ ನನಗೆ ವೈರವಿಲ್ಲ. ನನ್ನ ಮಗಳು ಪ್ರಮಿತಾ ಆ ಅಂಗಡಿಯ ಕರಿದ ಆಲೂಗಡ್ಡೆಯನ್ನು ಇಷ್ಟಪಟ್ಟೇ ತಿನ್ನುತ್ತಿದ್ದಳು, ನಾನೂ ಅವಳ ತಟ್ಟೆಯಿಂದ ಕದ್ದು ತಿಂದಿದ್ದೇನೆ. ರುಚಿ ಇದೆ, ಸುಳ್ಳು ಯಾಕೆ ಹೇಳಲಿ? ಆದರೆ ಐದು ನಿಮಿಷದ ರುಚಿಗೆ ಐದು ತಲೆಮಾರು ಬಾಳುವ ಡಬ್ಬಿ ಯಾಕೆ ಬೇಕು ಎಂದು ಕೇಳುವ ಹಕ್ಕು, ಕದ್ದು ತಿಂದವಳಿಗೂ ಇದೆ. ಶಹಾಬಾದದ ಪರಸಿ ಕಲ್ಲನ್ನು ಮನೆಗೆ ಹಾಸಿದರೆ ಅಜ್ಜನಿಂದ ಮೊಮ್ಮಗನವರೆಗೆ ಅದರ ಮೇಲೆ ನಡೆದಾಡುತ್ತಾರೆ. ಆ ಕಲ್ಲನ್ನು ತೆಗೆದ ಹಳೆಯ ಖಣಿಗಳನ್ನು ನಾವೀಗ ತುಂಬುತ್ತಿರುವುದು ಒಂದು ಊಟಕ್ಕೂ ಬಾಳದ ಡಬ್ಬಿಗಳಿಂದ. ಅಂಗಡಿಯ ಹಿಂದೆ ಹೋಗಿ ನೋಡಿ. ಕರಿದು ಕರಿದು ಕಪ್ಪಾದ ಎಣ್ಣೆ ಮೋರಿಯಿಂದ ಹಳ್ಳಕ್ಕೆ ಇಳಿಯುತ್ತದೆ. ಹಳ್ಳ ಮಳೆಗಾಲದಲ್ಲಿ ಕಾಗಿಣಾ ನದಿಯ ಕಡೆಗೆ ಹರಿಯುತ್ತದೆ. ಅದರ ದಂಡೆಯ ಹುಲ್ಲನ್ನು ಕೈಯಲ್ಲಿ ಹಿಡಿದರೆ ಜಿಡ್ಡು ಅಂಟುತ್ತದೆ. ನಾನು ಹಿಡಿದು ನೋಡಿದ್ದೇನೆ, ಸಾಬೂನು ಹಚ್ಚಿ ಎರಡು ಸಲ ತೊಳೆದರೂ ವಾಸನೆ ಹೋಗಲಿಲ್ಲ. ಇದೆಲ್ಲ ತಮ್ಮ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ. ತಾವು ಬಂದಾಗಲೆಲ್ಲ ಅಂಗಡಿಯ ಮುಂಬಾಗಿಲಿನಿಂದಲೇ ಬಂದು ಹೋಗಿದ್ದೀರಿ.

ಈಗ ತಾವು ಉದ್ಘಾಟಿಸಿದ ಡಬ್ಬದ ಕಥೆಗೆ ಬರುತ್ತೇನೆ.

ಸಪ್ತಾಹದ ಕೊನೆಯ ದಿನ ಅಂಗಡಿಯ ಅಂಗಳದಲ್ಲಿ ಒಂದು ದೊಡ್ಡ ಹಸಿರು ಡಬ್ಬ ನಿಲ್ಲಿಸಿದ್ದರು. ಅದರ ಮೇಲೆ ಆಕಳಿನ ಚಿತ್ರ, ಕೆಳಗೆ "ಗೋಗ್ರಾಸ" ಎಂಬ ಅಕ್ಷರ. ಗಿರಾಕಿಗಳು ತಿಂದು ಬಿಟ್ಟದ್ದನ್ನು ಅದರಲ್ಲಿ ಹಾಕಬೇಕು, ಸಂಜೆ ಅದನ್ನು ಹಿಂದಿನ ಬಯಲಿನಲ್ಲಿ ಕಟ್ಟಿಸಿದ ಪರಸಿ ಕಲ್ಲಿನ ಗ್ವಾದಲಿಯಲ್ಲಿ, ಅಂದರೆ ಮೇವಿನ ತೊಟ್ಟಿಯಲ್ಲಿ, ದನಗಳಿಗೆ ಸುರಿಯಬೇಕು. ಇದು ಯೋಜನೆ. ಮಾಂಸದ್ದಕ್ಕೆ ಬೇರೆ ಡಬ್ಬ, ಇದು ಶುದ್ಧ ಶಾಕಾಹಾರಿ ಎಂದು ದಪ್ಪ ಅಕ್ಷರದಲ್ಲಿ ಬರೆಸಿದ್ದರು. ಶುದ್ಧ ಎಂದ ಮೇಲೆ ಮುಗಿಯಿತಲ್ಲ!

ಆ ದಿನ ನನ್ನ ಜೊತೆ ನಮ್ಮ ಅತ್ತೆ ಶಾರದಾಬಾಯಿ ಬಂದಿದ್ದರು. ಅವರ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ಮನೆಯಲ್ಲಿ ಬೆಳಿಗ್ಗೆ ಅಡುಗೆಯಾದ ಮೇಲೆ ಯಾರೂ ರುಚಿ ನೋಡುವ ಮೊದಲು ಒಂದು ತುತ್ತು ಆಕಳಿಗೆ. ಅದೇ ಗೋಗ್ರಾಸ. ಅದನ್ನು ಕೊಡದೆ ಅತ್ತೆ ಎಂದೂ ಉಂಡವರಲ್ಲ. ಓಣಿಯ ಸಾಯಬಣ್ಣನ ಆಕಳು ಚಂದ್ರಿ ಹಾಲು ಕರೆಸಿಕೊಂಡು ನೇರ ನಮ್ಮ ಬಾಗಿಲಿಗೆ ಬರುತ್ತಿತ್ತು. ಸಾಯಬಣ್ಣ ಹಾಲು ಮಾರುವವನು, ಲಿಂಗಾಯತರವನು, ಅವನ ಪೂಜೆಯ ರೀತಿ ಬೇರೆ, ನಮ್ಮದು ಬೇರೆ. ಆದರೆ ಅವನ ಆಕಳು ಮಾತ್ರ ಎರಡೂ ಮನೆಯದಾಗಿತ್ತು. ತಡವಾದರೆ ಚಂದ್ರಿ ಬಾಗಿಲಿಗೆ ಕೊಂಬು ತಾಗಿಸಿ ಸದ್ದು ಮಾಡುತ್ತಿತ್ತು, ಅತ್ತೆ ಒಳಗಿನಿಂದಲೇ, "ಬಂದೆ ಬಂದೆ, ನಿನಗೇನು ಆಫೀಸಿಗೆ ಹೋಗೋದದ ಏನು?" ಎಂದು ಗದರುತ್ತಿದ್ದರು.

ತಮ್ಮ ಡಬ್ಬವನ್ನು ಕಂಡು ಅತ್ತೆ ಸುಮ್ಮನಿರಲಿಲ್ಲ. ತಾವು ರಿಬ್ಬನ್ ಕತ್ತರಿಸಿ ಮೈಕಿನ ಮುಂದೆ ನಿಂತಾಗ ಜನರ ನಡುವಿನಿಂದಲೇ ಕೇಳಿದರು. ತಮಗೆ ನೆನಪಿರಬಹುದು.

"ಸಾಹೇಬ್ರ, ಒಂದು ಮಾತ ಕೇಳ್ತೀನ್ರಿ. ಮಂದಿ ತಿಂದು ಬಿಟ್ಟಿದ್ದು ಎಂಜಲ. ಎಂಜಲ ಹ್ಯಾಂಗ ಗೋಗ್ರಾಸ ಆಗ್ತದ್ರಿ? ಆಕಳಿಗಿ ಮೊದಲನೇ ತುತ್ತು ಕೊಡ್ತಾರ, ಕಡೀದಲ್ಲ."

ಜನ ನಕ್ಕರು. ತಾವು ನಗಲಿಲ್ಲ, ಅಷ್ಟರಮಟ್ಟಿಗೆ ಒಳ್ಳೆಯವರು. ಮೈಕಿನಲ್ಲಿ, "ಅಜ್ಜಿ ಹೇಳಿದ್ದು ನೂರಕ್ಕೆ ನೂರು ಸರಿ. ಗೋಮಾತೆಗೆ ಎಂಜಲು ಬೇಡ. ಎಲ್ಲರೂ ಮುಟ್ಟದೇ ಇರೋ ಹೊಸದನ್ನೇ ಹಾಕಿ!" ಎಂದಿರಿ. ಆಹಾ, ಏನು ಚಪ್ಪಾಳೆ! ಪಕ್ಕದಲ್ಲಿ ನಿಂತಿದ್ದ ಅಂಗಡಿಯ ಮ್ಯಾನೇಜರ್ ನಂದಕಿಶೋರನ ಮುಖ ಆಗ ಅರಳಿದ್ದನ್ನು ನಾನು ಕಂಡೆ. ಯಾಕೆ ಅರಳಿತು ಎಂದು ವಾರದೊಳಗೆ ಗೊತ್ತಾಯಿತು. ಡಬ್ಬದ ಮೇಲೆ ಹೊಸ ಬೋರ್ಡು ಬಂದಿತ್ತು: "ಎಂಜಲು ಬೇಡ. ಗೋಮಾತೆಗೆ ಗೋಗ್ರಾಸ ಕಾಂಬೊ ಅರ್ಪಿಸಿ." ಕಾಂಬೊ ಅಂದರೆ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಮುಚ್ಚಿದ ಬನ್ನು, ಅದರೊಳಗೇ ಒಂದು ಸಾಸಿನ ಪೊಟ್ಟಣ. ಆಕಳಿಗೆ ಸಾಸು! ಜೋಳದ ಕಣಿಕೆ ಮೇಯುವ ಪ್ರಾಣಿಗೆ ನಂಚಿಕೊಳ್ಳಲು ಟೊಮ್ಯಾಟೊ ಸಾಸು!

ಆದರೆ ಅತ್ತೆಗೆ ಅದು ಹಾಗೆ ಕಾಣಲಿಲ್ಲ. ಇಷ್ಟು ದೊಡ್ಡ ಅಧಿಕಾರಿ ತನ್ನ ಮಾತಿಗೆ ಬೆಲೆ ಕೊಟ್ಟರು ಎಂದು ಅವರು ಹಿಗ್ಗಿದ್ದರು. ಭಜನೆಗೆ ಬರುವ ಹೆಂಗಸರಿಗೆಲ್ಲ ಹೇಳಿದರು: "ಹಾಕೋದಿದ್ರ ಮುಟ್ಟಲಾರದ್ದು ಹಾಕ್ರಿ. ಬಿಚ್ಚಿದ್ರ ಮೈಲಿಗಿ ಆಗ್ತದ." ಹೆಂಗಸರು ಹಾಗೇ ಮಾಡಿದರು. ಜನ್ಮದಲ್ಲಿ ಬರ್ಗರ್ ತಿನ್ನದವರು, ಆ ಅಂಗಡಿಯ ನೀರನ್ನೂ ಕುಡಿಯದವರು, ಏಕಾದಶಿಯ ಮರುದಿನ ಮಡಿಯುಟ್ಟು ಆಟೋದಲ್ಲಿ ಹೋಗಿ ಕಾಂಬೊ ಕೊಂಡು, ಮೈಲಿಗೆಯಾಗದಿರಲೆಂದು ಪ್ಲಾಸ್ಟಿಕ್ ಬಿಚ್ಚದೆ ಹಾಗೇ ಡಬ್ಬಕ್ಕೆ ಹಾಕಿ ಕೈಮುಗಿದು ಬಂದರು. ಶ್ರಾವಣ ಸೋಮವಾರ ಸೇಡಂ ಕಡೆಯಿಂದ ಬರುವವರು ಕಾರು ನಿಲ್ಲಿಸಿ ಹಾಕಿ ಹೋದರು. ಒಳಗೆ ಯಾರೋ ಬಿಚ್ಚಿ ದನಕ್ಕೆ ಕೊಡುತ್ತಾರೆ ಎಂದು ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ. ಸರ್ಕಾರದ ಅಧಿಕಾರಿ ಉದ್ಘಾಟಿಸಿದ್ದು, ಅಷ್ಟೂ ನೋಡಿರುವುದಿಲ್ಲವೇ?

ಯಾರೂ ಬಿಚ್ಚುತ್ತಿರಲಿಲ್ಲ. ಡಬ್ಬವನ್ನು ಎತ್ತಿ ಗ್ವಾದಲಿಗೆ ಬೋರಲು ಹಾಕುತ್ತಿದ್ದರು, ಅಷ್ಟೇ. ಆಮೇಲೆ ನಾನು ಕೇಳಿದಾಗ ನಂದಕಿಶೋರ್ ತಲೆ ತಗ್ಗಿಸಿ, "ಬಿಚ್ಚಲಿಕ್ಕೆ ಮಂದಿ ಕೊಡ್ರಿ ಅಂತ ಕಂಪನಿಗಿ ಕೇಳಿದ್ದೆ ಮೇಡಂ. ಅದು ನಿಮ್ಮ ಕೆಲಸ ಅಲ್ಲ ಅಂದ್ರು. ನಾ ಏನ್ ಮಾಡ್ಲಿರಿ?" ಎಂದ. ಉಪ್ಪು, ಎಣ್ಣೆ, ಸಿಹಿಯ ವಾಸನೆಗೆ ದನ ಬರುತ್ತವೆ, ಬಯಲಿಗೆ ಮೇಯಲು ಬಿಟ್ಟ ಚಂದ್ರಿಯೂ ಬರುತ್ತಿತ್ತು. ಆಕಳಿಗೆ ಪೊಟ್ಟಣ ಬಿಚ್ಚಲು ಬೆರಳಿಲ್ಲ. ಅದು ನಾಲಿಗೆಯಿಂದ ಎಳೆದುಕೊಂಡು ನುಂಗುತ್ತದೆ, ಆಮೇಲೆ ಕೂತು ಮೆಲುಕು ಹಾಕುತ್ತದೆ. ಇದನ್ನು ನಾನು ಎಂಟನೇ ತರಗತಿಯ ಮಕ್ಕಳಿಗೆ ಹೇಳಿಕೊಡುತ್ತೇನೆ. ಪ್ಲಾಸ್ಟಿಕ್ ಮೆಲುಕಿಗೆ ಬರುವುದಿಲ್ಲ, ಸಗಣಿಯಲ್ಲೂ ಹೋಗುವುದಿಲ್ಲ. ಒಳಗೇ ಉಂಡೆಯಾಗಿ ಕೂರುತ್ತದೆ.

ಚಂದ್ರಿ ಮೊದಲು ಮೆಲುಕು ಹಾಕುವುದನ್ನು ನಿಲ್ಲಿಸಿತು. ಆಮೇಲೆ ನಮ್ಮ ಬಾಗಿಲಿಗೆ ಬಂದು ಅತ್ತೆಯ ತುತ್ತನ್ನು ಮೂಸಿ ಹಾಗೇ ನಿಂತಿತು. ಎಡಗಡೆ ಹೊಟ್ಟೆ ನಗಾರಿಯ ಹಾಗೆ ಉಬ್ಬಿತ್ತು. ಸಾಯಬಣ್ಣ ಓಡಿಹೋಗಿ ಪಶುವೈದ್ಯ ಮುಜಾಹಿದ್ ಅವರನ್ನು ಕರೆತಂದ. ಅವರು ಅಲ್ಲೇ ಅಂಗಳದಲ್ಲಿ ಆಪರೇಷನ್ ಮಾಡಿದರು. ಒಳಗಿನಿಂದ ಕೈ ತುಂಬ, ಕೈ ತುಂಬ ತೆಗೆದರು. ಆ ನಾರುವ ರಾಶಿಯನ್ನು ಇಲ್ಲಿ ವರ್ಣಿಸುವುದಿಲ್ಲ. ತಾವು ಊಟದ ಹೊತ್ತಿನಲ್ಲಿ ಓದುತ್ತಿರಬಹುದು. ಒಂದನ್ನು ಮಾತ್ರ ಹೇಳುತ್ತೇನೆ. ಮುಜಾಹಿದ್ ಒಂದು ಸಾಸಿನ ಪೊಟ್ಟಣವನ್ನು ನೀರಿನಲ್ಲಿ ತೊಳೆದು ನನ್ನ ಅಂಗೈ ಮೇಲಿಟ್ಟರು. ಅದು ಒಡೆದಿರಲಿಲ್ಲ, ಅದರ ಬಣ್ಣ ಕೂಡ ಮಾಸಿರಲಿಲ್ಲ. ಬಳಕೆಯ ಅವಧಿ ಇನ್ನೂ ಮುಗಿದಿಲ್ಲ ಎಂದು ಅದರ ಮೇಲಿನ ಅಕ್ಷರ ಹೇಳುತ್ತಿತ್ತು. ಅವಧಿ ಮುಗಿದಿದ್ದು ಚಂದ್ರಿಯದು. ಸಂಜೆಯ ಹೊತ್ತಿಗೆ ಅದು ಸತ್ತಿತು.

"ರೋಗ ಅಲ್ಲ ಮೇಡಂ ಇದು. ಯಾರೋ ಪ್ಯಾಕೆಟ್ ಮುದ್ದಾಂ ಮುಚ್ಚಿದ್ದೇ ತಂದು ಹಾಕ್ಯಾರ. ಹರಿದು ಹಾಕಿದ್ರ ಅಷ್ಟರ ಹಗುರ ಆಗ್ತಿತ್ತು," ಎಂದರು ಮುಜಾಹಿದ್, ಕೈ ತೊಳೆಯುತ್ತ. ಬಾಗಿಲಲ್ಲಿ ನಿಂತಿದ್ದ ಅತ್ತೆ ಅದನ್ನು ಕೇಳಿಸಿಕೊಂಡರು.

ನಾನೂ ಸಾಯಬಣ್ಣನೂ ತಮ್ಮ ಕಚೇರಿಗೆ ಬಂದೆವು. ಮೂರನೆಯ ಸಲಕ್ಕೆ ತಾವು ಸಿಕ್ಕಿರಿ. ತಮ್ಮ ಹಿಂದಿನ ಗೋಡೆಯ ಮೇಲೆ ಆ ಡಬ್ಬದ ಜೊತೆ ತೆಗೆಸಿಕೊಂಡ ಫೋಟೋ ಇತ್ತು, ಕಟ್ಟು ಹಾಕಿಸಿದ್ದಿರಿ. ಅದರ ಕೆಳಗೆ ಕೂತು ತಾವು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ. "ನೋಡಿ ಮೇಡಂ, ಎಮೋಷನಲ್ ಆಗಬೇಡಿ. ಬಿಡಾಡಿ ದನಗಳು ರಸ್ತೆಯಲ್ಲಿ ಏನೇನೋ ತಿಂತವೆ. ಅದಕ್ಕೆ ಆ ಅಂಗಡಿನೇ ಕಾರಣ ಅಂತ ಹೇಗೆ ಹೇಳೋದು?"

ಸಾಯಬಣ್ಣ ಟವೆಲ್ಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದು, "ಅದು ಬಿಡಾಡಿ ಅಲ್ರಿ ಸಾಹೇಬ್ರ. ಅದಕ್ಕ ಹೆಸರದ," ಎಂದ.

ತಾವು ಹೆಸರು ಕೇಳಲಿಲ್ಲ. ಬದಲಿಗೆ ನನ್ನ ಕಡೆ ತಿರುಗಿ, ಆ ಅಂಗಡಿಯಿಂದ ಪುರಸಭೆಯ ಗಾಡಿಗೆ ಹೋಗುವ ಕಸ ಅರ್ಧಕ್ಕರ್ಧ ಇಳಿದಿದೆ, ಅದಕ್ಕೇ ಅವರಿಗೆ "ತ್ಯಾಜ್ಯಮುಕ್ತ ಉದ್ಯಮ" ಎಂಬ ಪ್ರಮಾಣಪತ್ರ ಕೊಟ್ಟಿದ್ದೇವೆ, ಇದು ಇಡೀ ಜಿಲ್ಲೆಗೇ ಮಾದರಿ, ಶಹಾಬಾದದಲ್ಲಿ, ಚಿಂಚೋಳಿ ಪಕ್ಕದ ಚಂದಾಪುರದಲ್ಲಿ ತೆರೆಯುವ ಅಂಗಡಿಗಳಲ್ಲೂ ಇಂಥದೇ ಡಬ್ಬ ಇಡಿಸುತ್ತೇವೆ ಎಂದಿರಿ. ಹೆಮ್ಮೆಯಿಂದಲೇ ಹೇಳಿದಿರಿ.

ಮಾನ್ಯರೇ, ಆ ಕುರ್ಚಿಯಲ್ಲಿ ಕೂತು ಒಂದು ಕ್ಷಣ ಯೋಚಿಸಿ. ಕಸ ಇಳಿದದ್ದು ನಿಜ. ಎಲ್ಲಿಗೆ ಇಳಿಯಿತು? ಗಾಡಿಗೆ ಹೋಗದ ಪ್ಲಾಸ್ಟಿಕ್ ಗಾಳಿಯಲ್ಲಿ ಕರಗಿತೇ? ಚಂದ್ರಿಯ ಹೊಟ್ಟೆಗೆ ಇಳಿಯಿತು. ತಮ್ಮ ಪ್ರಮಾಣಪತ್ರದ ಅರ್ಥ ಇಷ್ಟೇ: ಈ ತಾಲೂಕಿನಲ್ಲಿ ಕಸ ವಿಲೇವಾರಿಗೆ ನಾಲ್ಕು ಕಾಲಿನ, ಎರಡು ಕೊಂಬಿನ, ಸಂಬಳ ಕೇಳದ ಘಟಕಗಳಿವೆ. ಬೇಲಿಯೇ ಎದ್ದು ಹೊಲ ಮೇಯ್ದದ್ದನ್ನು ಕೇಳಿದ್ದೆ. ಹೊಲ ಮೇಯ್ದವರಿಗೆ ಬೇಲಿಯೇ ಸನ್ಮಾನ ಮಾಡಿದ್ದನ್ನು ಈಗ ನೋಡಿದೆ. ಇಂಥ ಕಂಪನಿಗಳು ಎಲ್ಲ ಕಡೆ ಮಾಡುವುದೂ ಇದನ್ನೇ. ಅವೇ ಹುಟ್ಟಿಸಿದ ಕಸವನ್ನು ಯಾರದೋ ಅಂಗಳಕ್ಕೆ, ಹಳ್ಳಕ್ಕೆ, ಹೊಟ್ಟೆಗೆ ದಾಟಿಸಿ, ಕೈ ತೊಳೆದುಕೊಂಡು, ಆ ಕೈಯಲ್ಲೇ ಒಂದು ಸಸಿ ನೆಡುತ್ತವೆ. ವ್ಯತ್ಯಾಸವೆಂದರೆ ಇಲ್ಲಿ ದಾಟಿಸುವುದಕ್ಕೆ ನಮ್ಮ ಭಕ್ತಿಯನ್ನೇ ಬಾಡಿಗೆಗೆ ಹಿಡಿದರು. ನಮ್ಮ ಮಡಿ, ನಮ್ಮ ಏಕಾದಶಿ, ನಮ್ಮ ಸೋಮವಾರ ಎಲ್ಲ ಅವರ ಗಲ್ಲಾಕ್ಕೆ ಬಿದ್ದವು. ನನಗೆ ಹೇಸಿಗೆಯಾಗಿರುವುದು ಇದಕ್ಕೆ. ಎಣ್ಣೆಯ ಜಿಡ್ಡಾದರೂ ಸಾಬೂನಿಗೆ ಅರ್ಧ ಹೋಯಿತು.

ಮಡಿ ಮೈಲಿಗೆ ಅಂತ ಬಿಚ್ಚದೆ ಹಾಕಿದ್ದು ನಿಮ್ಮವರದೇ ತಪ್ಪಲ್ಲವೇ ಎಂದು ತಾವು ಕೇಳಬಹುದು. ಕೇಳಿ. ಮಡಿಯುಟ್ಟ ಹೆಂಗಸರು ಪ್ಲಾಸ್ಟಿಕ್ ಬಿಚ್ಚುವುದಿಲ್ಲ ಎಂದು ಕಂಪನಿಗೆ ಗೊತ್ತಿತ್ತು, ಅದಕ್ಕೇ ಕಾಂಬೊ ಖರ್ಚಾಯಿತು. ಬಿಚ್ಚದ ಪ್ಲಾಸ್ಟಿಕ್ ದನದ ಮುಂದೆ ಬೀಳುತ್ತದೆ ಎಂದು ತಿಳಿದುಕೊಳ್ಳುವುದು ಯಾರ ಕೆಲಸವಾಗಿತ್ತು? ಭಜನೆ ಹೇಳುವವರದ್ದೇ? ಒಂದೇ ಒಂದು ಸಂಜೆ ಆ ಗ್ವಾದಲಿಯವರೆಗೆ ನಡೆದು ಹೋಗಿದ್ದರೆ ತಮಗೆ ಕಾಣುತ್ತಿತ್ತು. ಮುಂಬಾಗಿಲಿನಿಂದ ಹಿಂಬಾಗಿಲಿಗೆ ದೂರ ಬಹಳವಿಲ್ಲ ಸ್ವಾಮಿ.

ಈಗ ನಮ್ಮ ಮನೆಯ ಸ್ಥಿತಿ ಕೇಳಿ. ಚಂದ್ರಿಗೆ ಒಂದು ಹೆಣ್ಣುಗರು ಇದೆ. ಸಾಯಬಣ್ಣ ದಿನಾ ಬೆಳಿಗ್ಗೆ ಅದನ್ನು ಹಗ್ಗ ಹಿಡಿದು ನಮ್ಮ ಬಾಗಿಲಿಗೆ ಕರೆತರುತ್ತಾನೆ, ಬಯಲಿಗೆ ಬಿಡುವುದನ್ನು ನಿಲ್ಲಿಸಿದ್ದಾನೆ. ಅತ್ತೆ ರೊಟ್ಟಿ, ಬೆಲ್ಲ ಹಿಡಿದು ಹೊಸ್ತಿಲವರೆಗೆ ಬರುತ್ತಾರೆ. ಕರು ಕುತ್ತಿಗೆ ಚಾಚುತ್ತದೆ. ಅತ್ತೆಯ ಕೈ ಅಲ್ಲೇ ನಿಲ್ಲುತ್ತದೆ.

"ಬ್ಯಾಡ ಸಾಯಬಣ್ಣ. ಮುಚ್ಚಿದ್ದೇ ಹಾಕ್ರಿ ಅಂತ ಊರಿಗೆಲ್ಲ ಹೇಳಿದಾಕಿ ನಾನೇ. ಇದರ ತಾಯೀನ ಕೊಂದ ಕೈ ಇದು. ಇನ್ನೊಂದು ಜೀವಕ್ಕ ಬ್ಯಾಡ."

"ಬಾಯಾರ, ಹಂಗ ಅನಬ್ಯಾಡ್ರಿ. ನೀವು ಹೇಳಿದ್ದು ಧರ್ಮದ ಮಾತು. ಕೊಡ್ರಿ, ಕರ ಕಾಯಲಿಕತ್ತದ."

ಅವರು ಕೊಡುವುದಿಲ್ಲ. ಗೋಗ್ರಾಸ ಕೊಡದೆ ಉಣ್ಣುವ ರೂಢಿಯೂ ಇಲ್ಲ. ಆದ್ದರಿಂದ ಬೆಳಗಿನ ಊಟ ಬಿಟ್ಟಿದ್ದಾರೆ. ನಾವು ಗೋಗರೆದ ಮೇಲೆ ಸಂಜೆ ಒಂದಿಷ್ಟು ಮೊಸರನ್ನ ತಿನ್ನುತ್ತಾರೆ. ದೇಹ ಇಳಿದುಹೋಗಿದೆ. ಇದು ನಿಮ್ಮ ತಪ್ಪಲ್ಲ ಎಂದು ನಾನು ಹೇಳಿದೆ, ಅವರ ಮಗ, ನನ್ನ ಗಂಡ ವಿಠ್ಠಲ್ ಹೇಳಿದರು, ಮುಜಾಹಿದ್ ಮನೆಗೇ ಬಂದು ಹೇಳಿದರು, ಆಕಳು ಕಳೆದುಕೊಂಡ ಸಾಯಬಣ್ಣನೇ ದಿನಾ ಹೇಳುತ್ತಾನೆ. ಅತ್ತೆಯದು ಒಂದೇ ಉತ್ತರ: "ನನಗ ಸರಿ ಅಂದವರು ಸಾಹೇಬ್ರು. ತಪ್ಪಿತ್ತಂದ್ರ ಅವರ ಹೇಳ್ತಿದ್ದಿಲ್ಲೇನು?"

ಕೇಳಿದಿರಾ ಮಾನ್ಯರೇ? ಈ ಇಡೀ ಪ್ರಕರಣದಲ್ಲಿ ತಮ್ಮ ಮೇಲೆ ಇನ್ನೂ ನಂಬಿಕೆ ಉಳಿಸಿಕೊಂಡಿರುವವರು ಇವರೊಬ್ಬರೇ.

ಆದ್ದರಿಂದ ನನ್ನ ಬೇಡಿಕೆ. ಆ ಡಬ್ಬವನ್ನು ಎತ್ತಿಸಿ, ಮುಂದಿನ ಊರುಗಳಿಗೆ ಹೋಗಲು ಕಾದಿರುವ ಅದರ ತಮ್ಮಂದಿರನ್ನೂ ತಡೆಯಿರಿ. ಪ್ರಮಾಣಪತ್ರವನ್ನು ಹಿಂದಕ್ಕೆ ಪಡೆಯಿರಿ. ಎಣ್ಣೆ ಹರಿಯುವ ಮೋರಿಯನ್ನು ಮುಚ್ಚಿಸಿ. ಇವು ತಮ್ಮ ಕೆಲಸ, ಇದಕ್ಕೇ ತಮಗೆ ಕುರ್ಚಿ ಕೊಟ್ಟದ್ದು, ಹೆಚ್ಚು ಹೇಳುವುದಿಲ್ಲ. ಆದರೆ ಅದಕ್ಕೂ ಮೊದಲು ಒಂದು ಬೆಳಿಗ್ಗೆ ನಮ್ಮ ಓಣಿಗೆ ಬನ್ನಿ. ಫೋಟೋದವರನ್ನು ಕರೆತರಬೇಡಿ. ಅಂದು ಮೈಕಿನಲ್ಲಿ "ಅಜ್ಜಿ ಹೇಳಿದ್ದು ಸರಿ" ಎಂದ ಅದೇ ಬಾಯಿಂದ, ಈ ಸಲ ಮೈಕಿಲ್ಲದೆ, ನಮ್ಮ ಹೊಸ್ತಿಲ ಮುಂದೆ ನಿಂತು, "ತಪ್ಪು ನನ್ನದು, ನಿಮ್ಮದಲ್ಲ" ಎಂದು ಹೇಳಿ. ಬೇರೆ ಯಾರು ಹೇಳಿದರೂ ಅವರು ಕೇಳುತ್ತಿಲ್ಲ. ತಡಮಾಡಬೇಡಿ. ಕರು ಚಿಕ್ಕದು, ಇನ್ನೂ ಕೆಲವು ದಿನ ಬಂದು ನಿಂತೀತು. ಅತ್ತೆಗೆ ವಯಸ್ಸಾಗಿದೆ.

ಇಂತಿ,
ತುತ್ತು ಹಿಡಿದು ನಿಂತ ಮುದುಕಿಗೂ ಕುತ್ತಿಗೆ ಚಾಚಿದ ಕರುವಿಗೂ ನಡುವೆ ದಿನಾ ಬೆಳಿಗ್ಗೆ ಏನೂ ಮಾಡಲಾಗದೆ ನಿಲ್ಲುವ
ಪದ್ಮಜಾ
ವಾಡಿ